ಮೊಹಲ್ಲಾಕ್ಕೆ ನಿಯಮ ಬರೆದ ಬೇಸಿಗೆ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿದ್ದೆ. ಯಳಂದೂರಿನ ಕಡೆ ಕೆಲವು ವರ್ಷ, ಉಳಿದದ್ದೆಲ್ಲ ಹನೂರಿನ ಕಡೆ. ನಿವೃತ್ತಿಯಾದ ಮೇಲೆ ಕೊಳ್ಳೇಗಾಲದಲ್ಲಿ ಸಣ್ಣದೊಂದು ಮನೆ ಮಾಡಿಕೊಂಡು, ಇನ್ನು ಯಾರ ಅರ್ಜಿಯನ್ನೂ ಓದುವುದಿಲ್ಲ, ಯಾವ ಸಭೆಯ ನಡಾವಳಿಯನ್ನೂ ಬರೆಯುವುದಿಲ್ಲ ಎಂದು ಶಪಥ ಮಾಡಿದ್ದೆ. ಆ ಶಪಥ ಒಂದು ವರ್ಷವೂ ಬಾಳಲಿಲ್ಲ.

ಅದನ್ನು ಮುರಿಸಿದವಳು ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಒಬ್ಬ ಹೆಂಗಸು. ರಂಜಾನ್ ಮುಗಿದು ವಾರವಾಗಿತ್ತು. ಹನೂರು ಬಸ್ಸಿನಿಂದ ಇಳಿದು, ಮನೆ ಕೇಳಿಕೊಂಡು ಬಂದು, ಬಾಗಿಲಲ್ಲೇ ನಿಂತಳು. ಸದಾ ಬಿಸಿನೀರಿನಲ್ಲಿ ಆಡುವ ಆಕೆಯ ಬೆರಳ ತುದಿಗಳು ಬಿಳುಚಿಕೊಂಡು ಬಿರುಕು ಬಿಟ್ಟಿದ್ದವು. ಗಂಡ ತೀರಿಕೊಂಡ ಮೇಲೆ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಎರಡು ಚರಕ ಹಾಕಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ನಾನು ಕೆಲಸದಲ್ಲಿದ್ದಾಗ ಏನಾದರೊಂದು ಅರ್ಜಿ ಹಿಡಿದು ಕಚೇರಿಗೆ ಬರುತ್ತಿದ್ದುದರಿಂದ ಪರಿಚಯವಿತ್ತು.

"ಮೇಡಂ, ನಮ್ಮನೆಗೆ ನೀರು ನಿಲ್ಸವ್ರೆ," ಎಂದಳು. "ಅನ್ನೊಂದು ದಿನ ಆಯ್ತು. ಚರಕ ಒಣಗಿ ನಿಂತದೆ."

ಆಕೆ ಇದ್ದ ಮೊಹಲ್ಲಾ ನನಗೆ ಗೊತ್ತಿತ್ತು. ಕೌದಳ್ಳಿಗೆ ಸ್ವಲ್ಪ ಈಚೆ, ಬೆಟ್ಟದ ರಸ್ತೆಗೆ ತಾಗಿದಂತೆ ಮುಸ್ಲಿಮರದೇ ನಾಲ್ಕು ಬೀದಿ. ಪಂಚಾಯಿತಿಯ ನೀರಿನ ಪೈಪು ದೊಡ್ಡ ರಸ್ತೆಯಲ್ಲೇ ನಿಂತುಹೋಗಿತ್ತು. ಅದನ್ನು ಒಳಗೆ ತನ್ನಿ ಎಂದು ಅವರು ಕೊಟ್ಟ ಅರ್ಜಿಗೆ "ಅನುದಾನ ಬಂದಾಗ ಪರಿಶೀಲಿಸಲಾಗುವುದು" ಎಂದು ಉತ್ತರ ಬರೆದವಳು ನಾನೇ. ಒಂದು ಸಲ ಅಲ್ಲ, ಮೂರು ಸಲ. ಅವರು ಕಾಯಲಿಲ್ಲ. ಮಸೀದಿಯ ಜಾಗದಲ್ಲಿ ತಾವೇ ಬೋರ್‌ವೆಲ್ ಕೊರೆಸಿದರು, ತಾವೇ ಪೈಪು ಹೂಳಿದರು. ಬೀದಿ ದೀಪ, ಸಂಜೆಯ ಪಾಠ, ಮದುವೆಗೆ ಪಾತ್ರೆ, ಖಬರಸ್ಥಾನದ ಬೇಲಿ, ಗಂಡ ಹೆಂಡಿರ ಜಗಳ, ಅಣ್ಣ ತಮ್ಮಂದಿರ ಗೋಡೆ ತಕರಾರು ಎಲ್ಲವೂ ಮಸೀದಿಯ ಜಗಲಿಯಲ್ಲೇ ತೀರ್ಮಾನವಾಗುತ್ತಿದ್ದವು. ಸರ್ಕಾರ ಬಾರದ ಜಾಗದಲ್ಲಿ ಅವರೇ ಒಂದು ಸರ್ಕಾರ ಕಟ್ಟಿಕೊಂಡಿದ್ದರು. ಆ ಸರ್ಕಾರಕ್ಕೆ ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿಯೇ ಮುಖ್ಯಸ್ಥ, ಒಂದು ಮೋಟರ್ ಮನೆಯಿತ್ತು, ಅದಕ್ಕೊಂದು ಬೀಗವಿತ್ತು. ನಿಯಮ ಮಾತ್ರ ಇರಲಿಲ್ಲ.

ಬೀಗದ ಕೈ ಇದ್ದದ್ದು ಸಿಮೆಂಟ್ ಇಟ್ಟಿಗೆ ಮಾಡುವ ಯಜಮಾನನೊಬ್ಬನ ಬಳಿ. ಬೇಸಿಗೆಯಲ್ಲಿ ಮನೆಗಳಿಗೆ ದಿನ ಬಿಟ್ಟು ದಿನ ನೀರು. ಅವನ ಇಟ್ಟಿಗೆ ಅಂಗಳಕ್ಕೆ ದಿನಾ ನೀರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನೂಲಿನ ಹೆಂಗಸು ಬಾಯಿ ಬಿಟ್ಟಳು. ಅದೂ ಮೊಹಲ್ಲಾದಲ್ಲಲ್ಲ, ಹನೂರಿಗೆ ಹೋಗಿ ಅಧಿಕಾರಿಗಳ ಮುಂದೆ ಬಿಟ್ಟಳು. ಮನೆ ಮಾತು ಹೊರಗೆ ಒಯ್ದಳು ಎಂದು ಇಟ್ಟಿಗೆ ಯಜಮಾನ ಮೂರ್ನಾಲ್ಕು ಗಂಡಸರನ್ನು ಸೇರಿಸಿ ಅವಳ ನಲ್ಲಿ ಬಂದ್ ಮಾಡಿಸಿದ.

"ನಾ ಕೇಳ್ದೆ ಮೇಡಂ, ನೀರು ನಿಲ್ಸದು ಯಾವ ರೂಲ್‌ನಾಗದೆ, ತೋರ್ಸಿ ಅಂತ. ರೂಲೆಲ್ಲ ಬರ್ದಿಲ್ಲ, ಆದ್ರೆ ಅದೆ ಅಂದ್ರು. ಅಂಗಾರೆ ಬರೀರಿ ಅಂದೆ. ಬರ್ದು ಗೋಡೆಗೆ ಅಂಟ್ಸಿ, ಓದ್ಕಂಡು ತೆಪ್ಪಗಿರ್ತೀನಿ ಅಂದೆ." ಬಾಗಿಲ ಚೌಕಟ್ಟಿಗೆ ಒರಗಿ ಮುಂದುವರಿಸಿದಳು. "ಮುತವಲ್ಲಿ ಚಾಚಾ ಅಲ್ಲೇ ಕುಂತಿದ್ರು. ಈ ಹೆಣ್ಣುಮಗಳು ಸರಿಯಾಗೇ ಕೇಳವ್ಳೆ ಅಂದ್ಬುಟ್ರು. ಆದ್ರೆ ಬರೆಯೋರು ಹೊರಗಿನೋರಾಗ್ಬೇಕು, ಇಲ್ದಿದ್ರೆ ಈ ಕಡೆ ಬರ್ದ ಆ ಕಡೆ ಬರ್ದ ಅಂತಾರೆ ಅಂದ್ರು. ಅದ್ಕೇ ಬಂದೆ."

ಕೊಳವೆ ಒಳಗೆ ತರದ ಕಾರ್ಯದರ್ಶಿಯನ್ನೇ ನಿಯಮ ಬರೆಯಲು ಕರೆಯುತ್ತಿದ್ದಾಳೆ ಎಂಬುದು ಆಕೆಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿತ್ತು. ಬರುತ್ತೇನೆ ಎಂದೆ.

ನನ್ನ ತವರು ಅಲ್ಲಿಂದ ದೂರವಿಲ್ಲ. ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತು. ಮೊದಲ ದಿನ ಬಸ್ಸಿಳಿದಾಗ ನಿಲ್ದಾಣದಲ್ಲಿ ನನ್ನ ಅಣ್ಣ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಅವ್ರ ಜಮಾತಿಗೆ ನೀನ್ಯಾಕವ್ವ ಕಾನೂನು ಬರ್ಯಾಕೋಗ್ತಿದ್ದೀಯೆ? ಮಾಡಾಕೆ ಬೇರೆ ಕೆಲ್ಸ ಇಲ್ವಾ?" ಎಂದ. "ಲಿಂಗ ಕಟ್ಟಿದ ಮನೆ ಹೆಣ್ಣುಮಗಳು ಮಸೀದಿ ಜಗಲಿ ಮೇಲೆ ಕುಂತವ್ಳೆ ಅಂತ ನಾಕು ಜನ ನನ್ನ ಕೇಳಿದ್ರೆ ನಾನೇನನ್ಲಿ?"

"ನೀರು ನಿಲ್ಸಿದ್ರಂತೆ, ಅದ್ಕೋಗವ್ಳೆ ಅನ್ನು," ಎಂದೆ. "ನಮ್ಮನೆಗೂ ಒಂದ್ಸಲ ನಿಲ್ಸಿದ್ರಲ್ಲ, ಮರ್ತೋಯ್ತಾ?"

ಅವನು ಮರೆತಿರಲಿಲ್ಲ. ನಾನು ಆರನೇ ತರಗತಿಯಲ್ಲಿದ್ದಾಗ, ಹೊಲದ ಬದುವಿನ ಜಗಳದಲ್ಲಿ ಊರ ಯಜಮಾನರು ಹೇಳಿದ ತೀರ್ಪನ್ನು ನಮ್ಮವ್ವ ಎದುರೆದುರೇ "ಅದು ನ್ಯಾಯ ಅಲ್ಲ" ಎಂದಿದ್ದಳು. ಹೆಂಗಸು ಕಟ್ಟೆಯ ಮುಂದೆ ದನಿ ಎತ್ತಿದಳೆಂದು ನಮ್ಮ ಮನೆಗೆ ಬೆಂಕಿ, ನೀರು, ಮಾತು ಮೂರನ್ನೂ ನಿಲ್ಲಿಸಿದರು. ಸೇದುವ ಬಾವಿಯ ಹತ್ತಿರ ಹೋದರೆ ಹಗ್ಗ ಎತ್ತಿಕೊಂಡು ಹೋಗುತ್ತಿದ್ದರು. ಇಡೀ ಒಂದು ಬೇಸಿಗೆ ಅವ್ವ ಮೈಲಿ ದೂರದ ಹಳ್ಳದಿಂದ ನೀರು ಹೊತ್ತಳು. ಕೊನೆಗೆ ಅಪ್ಪ ಹೋಗಿ ಅವಳ ಪರವಾಗಿ ಕಾಲಿಗೆ ಬಿದ್ದು ಬಂದ. ಅವ್ವ ಬೀಳಲಿಲ್ಲ. ಯಾವ ನಿಯಮದ ಪ್ರಕಾರ ಎಂದು ಆವತ್ತು ನಮ್ಮಲ್ಲಿ ಕೇಳಿದವರಿಲ್ಲ. ಕೇಳಬಹುದು ಎಂಬುದೇ ನಮಗೆ ಹೊಳೆದಿರಲಿಲ್ಲ.

ಅಣ್ಣ ಬೈಕ್ ಒದ್ದು ಹೊರಟುಹೋದ. ನಾನು ಮೊಹಲ್ಲಾಕ್ಕೆ ನಡೆದೆ.

ಮುತವಲ್ಲಿಯವರು ಎಂಬತ್ತರ ಹತ್ತಿರದ ವೃದ್ಧರು. ಒಂದು ಕಾಲದಲ್ಲಿ ಎತ್ತಿನ ಗಾಡಿಗೆ ಚಕ್ರ ಕಟ್ಟುತ್ತಿದ್ದವರು. ಉರ್ದು ಓದುತ್ತಿದ್ದರು, ಕನ್ನಡ ಮಾತಾಡುತ್ತಿದ್ದರು, ಬೆಟ್ಟದಾಚೆಯ ತಮಿಳೂ ಬರುತ್ತಿತ್ತು. ಜಗಲಿಯ ಮೇಲೆ ಚಾಪೆ ಹಾಸಿ, ನನಗೆಂದು ಒಂದು ಮಡಚುವ ಮೇಜು ತರಿಸಿಟ್ಟಿದ್ದರು.

"ಅಮ್ಮಾ, ಇಷ್ಟು ವರ್ಷ ಬಾಯಲ್ಲಿ ನಡೆಸ್ದೆ," ಎಂದರು. "ನನ್ನ ಬಾಯಿ ಇನ್ನು ಎಷ್ಟು ದಿನ? ಆಮೇಲೆ ಯಾರ ಬಾಯಿ ದೊಡ್ದೋ ಅವರದೇ ಕಾನೂನು."

ಮೂರು ವಾರ ಹೋಗಿ ಬಂದೆ. ಅಷ್ಟೂ ದಿನ ನೂಲಿನ ಹೆಂಗಸು ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊತ್ತಳು. ಬೆಳಗಿನ ಬಸ್ಸಿಗೆ ಹೋಗುವುದು, ಮಧ್ಯಾಹ್ನದ ನಮಾಜಿನ ತನಕ ಕೂರುವುದು, ಬಿಸಿಲು ಇಳಿದ ಮೇಲೆ ವಾಪಸು. ಒಬ್ಬೊಬ್ಬರೇ ಬಂದು ತಮಗೆ ಏನು ಬೇಕು, ಏನು ಬೇಡ ಎಂದು ಹೇಳುತ್ತಿದ್ದರು. ಬಾಡಿಗೆಗೆ ಇರುವವರಿಗೆ ಮಾತಾಡುವ ಹಕ್ಕು ಉಂಟೋ ಇಲ್ಲವೋ? ತಮಿಳುನಾಡಿನಿಂದ ಮದುವೆಯಾಗಿ ಬಂದ ಸೊಸೆಯಂದಿರು? ಮದುವೆ ಪಾತ್ರೆಯನ್ನು ಬೇರೆ ಜನಕ್ಕೆ ಕೊಡಬಹುದೋ? ನಾನು ಬರೆದುಕೊಳ್ಳುತ್ತಿದ್ದೆ. ಕಚೇರಿಯಲ್ಲಿ ಕಲಿತ ಭಾಷೆಯಲ್ಲಿ, ಒಳ್ಳೆಯ ಅಕ್ಷರದಲ್ಲಿ, ಮೊದಲ ಕರಡು ಮಾಡಿದೆ. ಸತ್ಯ ಹೇಳಬೇಕೆಂದರೆ ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು.

ನೂಲಿನ ಹೆಂಗಸಿಗೆ ಓದಿ ಹೇಳಿದೆ. "ಸದರಿ ಮೊಹಲ್ಲಾದ ನಿವಾಸಿಗಳು ಮೇಲ್ಕಂಡ ನಿಯಮವನ್ನು ಉಲ್ಲಂಘಿಸಿದಲ್ಲಿ, ಸದರಿಯವರ ವಿರುದ್ಧ ಸೂಕ್ತ ಕ್ರಮ ಜರುಗಿಸತಕ್ಕದ್ದು."

ಆಕೆ ಕೈ ಎತ್ತಿ ನಿಲ್ಲಿಸಿದಳು. "ಮೇಡಂ, ಈ ಸದರಿ ಅನ್ನೋರು ಯಾರು? ನಮ್ಮ ಬೀದೀಲಿ ಅಂತೋರು ಯಾರೂ ಇಲ್ವಲ್ಲ."

ಮುತವಲ್ಲಿಯವರು ಗಡ್ಡದೊಳಗೇ ನಕ್ಕರು. ನನಗೆ ಮುಖ ಬಿಸಿಯಾಯಿತು. ಮೂವತ್ತು ವರ್ಷ ಇದೇ ಭಾಷೆಯಲ್ಲಿ ಜನರನ್ನು ವಾಪಸು ಕಳಿಸಿದವಳು ನಾನು.

"ಮತ್ತೆ ಸೂಕ್ತ ಕ್ರಮ ಅಂದ್ರೆ? ನೀರು ನಿಲ್ಸದೂ ಸೂಕ್ತ ಕ್ರಮವೇ ತಾನೆ ಅಂತ ಆತ ನಾಳೆ ಅಂತಾನೆ. ಬಿಡ್ಸಿ ಬರೀರಿ. ನಮ್ಮತ್ತೆಗೆ ಓದಿ ಏಳಿದ್ರೆ ತಿಳೀಬೇಕು."

ಆ ಕರಡನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಹೊಸ ಹಾಳೆ ತೆಗೆದೆ. ಯಾರ ಮನೆಗೂ, ಯಾವ ತಪ್ಪಿಗೂ, ಕುಡಿಯುವ ನೀರು ನಿಲ್ಲಿಸಬಾರದು. ಹದಿನೆಂಟು ತುಂಬಿದ ಹೆಣ್ಣಿಗೂ ಗಂಡಿಗೂ ಒಂದೊಂದು ಓಟು. ಬಾಡಿಗೆ ಮನೆಯವರಿಗೂ ಉಂಟು. ಯಾರ ಮೇಲಾದರೂ ದೂರು ಬಂದರೆ ಬರಹದಲ್ಲಿ ಬರಬೇಕು, ಅವರಿಗೆ ಒಂದು ವಾರ ಮೊದಲು ತಿಳಿಸಬೇಕು, ಅವರ ಮಾತು ಕೇಳದೆ ತೀರ್ಮಾನ ಮಾಡಬಾರದು. ದೂರು ಕೇಳುವ ಐದು ಜನರಲ್ಲಿ ಇಬ್ಬರು ಹೆಂಗಸರಿರಬೇಕು. ಮೋಟರ್ ಮನೆಯ ಬೀಗದ ಕೈ ಒಬ್ಬರ ಹತ್ತಿರವೇ ಇರಬಾರದು. ಬೀದಿಗೊಬ್ಬರಂತೆ ತಿಂಗಳು ತಿಂಗಳು ಬದಲಾಗಬೇಕು. ಹೀಗೆ ಇಪ್ಪತ್ತೊಂದಾದವು.

ಇಪ್ಪತ್ತೆರಡನೆಯದನ್ನು ಸೇರಿಸಿದವರು ಮುತವಲ್ಲಿಯವರೇ. ಆವತ್ತು ಜಗಲಿಯಲ್ಲಿ ನಾವಿಬ್ಬರೇ ಇದ್ದೆವು.

"ಸತ್ತೋರನ್ನ ಮಣ್ಣು ಮಾಡೋಕೆ ಯಾರಿಗೂ ಇಲ್ಲ ಅನ್ಬಾರ್ದು ಅಂತ ಬರೀರಿ," ಎಂದರು.

"ಅದು ಬರೀಲೇಬೇಕಾ ಯಜಮಾನ್ರೇ? ಅಂಥದ್ದು ಯಾರು ಮಾಡ್ತಾರೆ?"

"ನಾನು ಮಾಡಿದ್ದೆ."

ಹಳೆಯ ಮಾತು. ಜಮಾತಿನ ಜೊತೆ ಜಗಳವಾಡಿ ಹತ್ತು ಹನ್ನೆರಡು ವರ್ಷ ಮಸೀದಿಗೆ ಕಾಲಿಡದ ಒಬ್ಬ ದರ್ಜಿ ತೀರಿಕೊಂಡಿದ್ದ. ಅವನ ಶವ ಇಟ್ಟ ಜನಾಜಾ ಹೊತ್ತು ತಂದವರನ್ನು ಮುತವಲ್ಲಿ ಖಬರಸ್ಥಾನದ ಗೇಟಿನಲ್ಲೇ ನಿಲ್ಲಿಸಿದರು. ಮನೆಯವರು ಮೊದಲು ತಪ್ಪೊಪ್ಪಿಕೊಳ್ಳಲಿ ಎಂದರು. ಎರಡು ಗಂಟೆ ಕಾಲ. ಆ ಬಿಸಿಲಲ್ಲಿ ಹೆಗಲು ಬದಲಿಸುತ್ತ ನಿಂತವರ ಮುಖ ಇವತ್ತಿಗೂ ಎದುರು ಬರುತ್ತದೆ ಎಂದರು. ಕೊನೆಗೆ ಮುತವಲ್ಲಿಯವರ ಹೆಂಡತಿಯೇ ಬೀದಿಗೆ ಬಂದು, ನೀವು ಗೇಟು ತೆಗೆಯದಿದ್ದರೆ ನಾನು ಮನೆಗೆ ಬರುವುದಿಲ್ಲ ಎಂದ ಮೇಲೆ ತೆಗೆದರಂತೆ.

"ತಡೆಯೋಕೆ ನನಗೆ ಅಧಿಕಾರ ಇತ್ತಾ ಅಂತ ನನ್ನ ಯಾರೂ ಕೇಳ್ಲಿಲ್ಲಮ್ಮ. ನಾನೂ ಕೇಳ್ಕೊಳ್ಲಿಲ್ಲ. ನನ್ನ ನಂತರ ಬರೋನು ಇದನ್ನ ಓದ್ಲಿ."

ಬರೆದೆ.

ಒಂದು ಭಾನುವಾರ ಎಲ್ಲರನ್ನೂ ಸೇರಿಸಿ ಓದಿ ಒಪ್ಪಿಸುವುದೆಂದು ಗೊತ್ತಾಯಿತು. ಮಸೀದಿಯ ಪಕ್ಕದ ಪಾಠಶಾಲೆಯ ಅಂಗಳದಲ್ಲಿ ಗಂಡಸರಿಗೆ ಶಾಮಿಯಾನ; ಹೆಂಗಸರು ಒಳಗಿನ ಕೋಣೆಯಲ್ಲಿ, ಕಿಟಕಿಗೆ ಕಿವಿ ಕೊಟ್ಟು. ಮೊದಲ ಮೂರು ನಿಯಮ ಸುಮ್ಮನೆ ದಾಟಿದವು. ನಾಲ್ಕನೆಯದು ಓಟಿನದು. ಇಟ್ಟಿಗೆ ಯಜಮಾನ ಎದ್ದು ನಿಂತ. ಒಳ್ಳೆಯ ಮಾತುಗಾರ, ದನಿ ಎತ್ತದೆ ಮಾತಾಡುವವನು.

"ಹೆಂಗಸ್ರ ಅಭಿಪ್ರಾಯ ಬ್ಯಾಡ ಅಂತ ಯಾರಂದ್ರು? ಅವ್ರ ಗಂಡಂದ್ರ ಕೈಲಿ ಏಳಿ ಕಳುಸ್ಲಿ. ಮನೆಗೊಂದು ಓಟು ಸಾಕು."

ಒಳಗಿನ ಕೋಣೆಯ ಬಾಗಿಲು ತೆರೆಯಿತು. ನೂಲಿನ ಹೆಂಗಸು ಸೆರಗು ಸರಿಮಾಡಿಕೊಂಡು ಶಾಮಿಯಾನದ ನಡುವಿಗೇ ಬಂದು ನಿಂತಳು.

"ನಂಗೆ ಗಂಡ ಇಲ್ಲ. ನನ್ನ ಅಭಿಪ್ರಾಯ ಯಾರ ಕೈಲಿ ಕಳುಸ್ಲಿ, ಏಳಿ?"

ಆಮೇಲೆ ಸಾಲಾಗಿ ಕೂತ ಗಂಡಸರ ಕಡೆ ತಿರುಗಿದಳು.

"ಬೋರು ಕೊರ್ಸುವಾಗ ಮನೆ ಮನೆಗೆ ಬಂದು ಕೈ ಒಡ್ಡಿದ್ರಲ್ಲ, ಆಗ ನನ್ನ ಗಂಡನ್ನ ಕೇಳಿದ್ರಾ? ನಾ ಕೊಟ್ಟೆ, ಇಸ್ಕಂಡ್ರಿ. ನೀರಿಗೆ ನನ್ನ ಕೈ ಆಯ್ತದೆ, ಓಟಿಗೆ ಆಗಲ್ವಾ?"

ಇಟ್ಟಿಗೆ ಯಜಮಾನ ಆಕೆಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದ. "ಇದೆಲ್ಲ ಬರ್ದೋರು ನೀವು ತಾನೆ ಮೇಡಂ? ನಿಮ್ಮ ಊರಲ್ಲಿ ಯಜಮಾನ್ರು ನ್ಯಾಯ ಮಾಡೋ ಕಡೆ ಹೆಂಗಸ್ರು ಕೂತ್ಕಂತಾರಾ? ಅಲ್ಲಿ ಓಟು ಕೊಡ್ಸಿದ್ದೀರಾ?"

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಸುಳ್ಳು ಹೇಳುವ ಹಾಗಿರಲಿಲ್ಲ. ಅಲ್ಲಿದ್ದ ಅರ್ಧ ಜನಕ್ಕೆ ನಮ್ಮ ಊರು ಗೊತ್ತು.

"ಇಲ್ಲ," ಎಂದೆ. "ಕೂರಲ್ಲ. ಕೊಡ್ಸಿಲ್ಲ. ಅದು ನಮ್ಮ ನಾಚಿಕೆಗೇಡು. ನಮ್ಮಲ್ಲಿ ಇಲ್ಲ ಅನ್ನೋದು ನಿಮ್ಮಲ್ಲಿ ಇರಬಾರದು ಅನ್ನೋದಕ್ಕೆ ಕಾರಣ ಹೇಗಾಗುತ್ತೆ? ನಮಗಿಂತ ಮುಂದೆ ಹೋಗೋಕೆ ನಿಮಗೇನು ಅಡ್ಡಿ?"

ಮುತವಲ್ಲಿಯವರು ಕೋಲೂರಿ ಎದ್ದರು. ಭಾಷಣ ಮಾಡಲಿಲ್ಲ. "ಒಳಗಿರೋರು ಹೊರಗೆ ಬನ್ನಿ. ಕೈ ಎಣಿಸಬೇಕು," ಎಂದರು ಅಷ್ಟೆ. ಮೊದಲು ಬಂದದ್ದು ಒಬ್ಬ ಮುದುಕಿ, ನೂಲಿನ ಹೆಂಗಸಿನ ಅತ್ತೆ. ಅವಳ ಹಿಂದೆ ಎಲ್ಲರೂ. ಇಟ್ಟಿಗೆ ಯಜಮಾನನೂ ಅವನ ಜೊತೆ ಎಂಟು ಹತ್ತು ಗಂಡಸರೂ ಬೇಸರದಿಂದ ಎದ್ದು ಹೋದರು. ಉಳಿದವರು ಇಪ್ಪತ್ತೆರಡು ನಿಯಮಕ್ಕೂ ಕೈ ಎತ್ತಿದರು; ಅಲ್ಲೇ ದೂರು ಕೇಳುವ ಐದು ಜನರನ್ನು ಆರಿಸಿ, ನೂಲಿನ ಹೆಂಗಸಿನ ನಲ್ಲಿಯನ್ನು ಮತ್ತೆ ಬಿಡಿಸಿದರು.

ಇಷ್ಟಕ್ಕೇ ಮುಗಿಯಿತು ಎಂದುಕೊಂಡು ನಾನು ಕೊಳ್ಳೇಗಾಲಕ್ಕೆ ಬಂದೆ. ಮೂರನೆಯ ದಿನ ಬೆಳಿಗ್ಗೆ ನೂಲಿನ ಹೆಂಗಸಿನ ಫೋನು. ಇಟ್ಟಿಗೆ ಯಜಮಾನ ಬೀಗದ ಕೈ ಕೊಡುತ್ತಿಲ್ಲ. ಮೋಟರ್ ಮನೆಗೆ ಬೀಗ ಜಡಿದು ಹೂಗ್ಯಂ ಕಡೆ ನೆಂಟರ ಮನೆಗೆ ಹೋಗಿಬಿಟ್ಟಿದ್ದಾನೆ. ಈಗ ಅವಳೊಬ್ಬಳಿಗಲ್ಲ, ನಾಲ್ಕು ಬೀದಿಗೂ ನೀರಿಲ್ಲ. "ನಿಮ್ಮ ರೂಲು ಕುಡ್ಕಳಿ ಅಂತ ಏಳಿ ಓಗವ್ನೆ," ಎಂದಳು.

ನಾನು ಹೋಗಿ ಇಳಿಯುವ ಹೊತ್ತಿಗೆ ಮೋಟರ್ ಮನೆಯ ಮುಂದೆ ಜನ ನೆರೆದಿದ್ದರು. ಬಾಗಿಲ ಮುಂದೆ ಮುತವಲ್ಲಿಯವರು ನೆಲಕ್ಕೆ ಕೂತು, ಕಬ್ಬಿಣ ಕೊಯ್ಯುವ ಗರಗಸ ಹಿಡಿದು, ಬೀಗದ ಕೊಂಡಿಯನ್ನು ಉಜ್ಜುತ್ತಿದ್ದರು. ಚಕ್ರ ಕಟ್ಟಿದ ಕೈ. ನಿಧಾನ, ಆದರೆ ನಿಲ್ಲುತ್ತಿರಲಿಲ್ಲ. ಗಟ್ಟಿಮುಟ್ಟಾದವರು ನಾನು ಮಾಡ್ತೀನಿ ಚಾಚಾ, ನಾನು ಮಾಡ್ತೀನಿ ಎಂದು ಬಗ್ಗಿದರೆ ಮೊಣಕೈಯಿಂದ ತಳ್ಳುತ್ತಿದ್ದರು.

"ದೂರ ಇರಿ. ಇದು ತಪ್ಪು ಕೆಲಸ. ತಪ್ಪು ನನ್ನ ಒಬ್ಬನ ಮೇಲಿರ್ಲಿ."

ಕೊಂಡಿ ತುಂಡಾಯಿತು. ಮೋಟರ್ ಹಾಕಿದರು. ನೂಲಿನ ಹೆಂಗಸಿನ ಹಿತ್ತಲಿನ ನಲ್ಲಿ ಮೊದಲು ಗಾಳಿ ಉಗುಳಿ, ಆಮೇಲೆ ಕೆಂಪು ನೀರು ಬಂದು, ಆಮೇಲೆ ತಿಳಿಯಾಯಿತು. ಆಕೆ ಗೂಡು ಬೇಯಿಸುವ ಒಲೆಗೆ ಬೆಂಕಿ ಹಾಕಲು ಹೋದಳು.

ಇಟ್ಟಿಗೆ ಯಜಮಾನ ಮಾರನೆಯ ದಿನ ಓಡಿ ಬಂದ. ಕೂಗಾಡುತ್ತಾನೆ, ಪೊಲೀಸರನ್ನು ತರುತ್ತಾನೆ ಎಂದು ಎಲ್ಲರೂ ಕಾದರು. ಅವನು ಅದಕ್ಕಿಂತ ಜಾಣ. ಒಂದು ದೂರು ಬರೆದು ತಂದು ಐದು ಜನರ ಸಮಿತಿಯ ಕೈಗೆ ಕೊಟ್ಟ. ಮುತವಲ್ಲಿಯವರು ಮೊಹಲ್ಲಾದ ಸ್ವತ್ತಾದ ಬೀಗವನ್ನು ಒಡೆದಿದ್ದಾರೆ, ಇದು ಒಂಬತ್ತನೆಯ ನಿಯಮಕ್ಕೆ ವಿರುದ್ಧ, ಅವರನ್ನು ವಿಚಾರಿಸಬೇಕು ಎಂದಿತ್ತು ಅದರಲ್ಲಿ. ಮೊಹಲ್ಲಾದ ಸಾಮಾನನ್ನು ಯಾರೂ ಕೆಡಿಸಬಾರದು ಎಂಬುದು ನಿಜವಾಗಿಯೂ ಒಂಬತ್ತನೆಯದೇ. ಸಭೆಯಿಂದ ಎದ್ದು ಹೋಗಿದ್ದವನು ಅದನ್ನು ಯಾವಾಗಲೋ ಕೂತು ಓದಿದ್ದ.

ನೂಲಿನ ಹೆಂಗಸು ಸಮಿತಿಯ ಇಬ್ಬರು ಹೆಂಗಸರಲ್ಲಿ ಒಬ್ಬಳು. ಆ ಹಾಳೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ರೂಲೇ ಒಪ್ಪಲ್ಲ ಅಂದೋನು ರೂಲ್ ನಂಬರ್ ಹಾಕಿ ಬರ್ದವ್ನೆ, ನೋಡಿ ಮೇಡಂ!"

ಆದರೆ ನಗುವಂಥದ್ದು ಅಷ್ಟೇ ಇತ್ತು. ಈಗ ಮುತವಲ್ಲಿಯವರನ್ನು ವಿಚಾರಿಸಬೇಕಲ್ಲ. ದೂರನ್ನು ಹರಿದು ಹಾಕಿ ಎಂದವರೇ ಹೆಚ್ಚು. ನೀರು ಬಿಟ್ಟವರನ್ನೇ ಕಟ್ಟೆಗೆ ನಿಲ್ಲಿಸುವುದೇ? ನಾನೂ ಹಾಗೇ ಅಂದೆ ಎಂದು ಒಪ್ಪಿಕೊಳ್ಳುತ್ತೇನೆ; ಏನಾದರೂ ದಾರಿ ಹುಡುಕೋಣ ಎಂದೆ. ಕಚೇರಿಯಲ್ಲಿ ಅಂಥ ದಾರಿಗಳನ್ನು ನಾನು ಎಷ್ಟೋ ಹುಡುಕಿಕೊಟ್ಟಿದ್ದೇನೆ. ಮುತವಲ್ಲಿಯವರೇ ಬಿಡಲಿಲ್ಲ.

"ನನಗೆ ನೋಟಿಸು ಬರ್ಲಿ," ಎಂದರು. "ಒಂದು ವಾರ ಟೈಮು ಅಂತ ನೀವೇ ಬರ್ದಿದ್ದೀರಲ್ಲ ಅಮ್ಮಾ. ಒಂದು ದಿನ ಕಮ್ಮಿ ಆದ್ರೂ ನಾನು ಬರೋಲ್ಲ."

ವಾರ ತುಂಬಿದ ದಿನ ಅವರು ಯಾವಾಗಲೂ ಕೂರುವ ಜಾಗ ಬಿಟ್ಟು, ಜಗಲಿಯ ಕೆಳಗೆ, ದೂರು ಹೇಳಿಸಿಕೊಂಡವರು ಕೂರುವ ನೆಲದ ಮೇಲೆ ಕೂತರು. ನೂಲಿನ ಹೆಂಗಸು ಮೇಲೆ, ಚಾಪೆಯ ಮೇಲೆ. ಆಕೆಯ ಮುಖ ಬೆವರಿತ್ತು. ದೂರು ಓದಿದರು. ಹೌದೋ ಅಲ್ಲವೋ ಎಂದು ಕೇಳಿದರು.

"ಹೌದು. ಒಡೆದೆ. ಅದರ ಹಿಂದೆ ನೀರಿತ್ತು, ಅದಕ್ಕೆ ಒಡೆದೆ. ನಾಳೆ ಇನ್ನೊಬ್ಬ ಹೀಗೇ ಬೀಗ ಹಾಕಿದ್ರೆ ಮತ್ತೆ ಒಡೀತೀನಿ. ಆಗ ಮತ್ತೆ ನೋಟಿಸು ಕಳಿಸಿ, ಮತ್ತೆ ಬರ್ತೀನಿ."

ಒಡೆದವರೇ ಹೊಸ ಬೀಗ ತಂದುಕೊಡಬೇಕು, ಅದಕ್ಕೆ ನಾಲ್ಕು ಕೈ ಮಾಡಿಸಿ ನಾಲ್ಕು ಬೀದಿಗೂ ಕೊಡಬೇಕು ಎಂದು ತೀರ್ಮಾನವಾಯಿತು. ಅದಾದ ಮೇಲೆ ನೂಲಿನ ಹೆಂಗಸು, ನಾಲ್ಕು ಬೀದಿಗೆ ಮೂರು ದಿನ ನೀರು ತಪ್ಪಿಸಿದ್ದಕ್ಕೆ ಇಟ್ಟಿಗೆ ಯಜಮಾನನ ಮೇಲೆ ತನ್ನದೂ ಒಂದು ದೂರಿದೆ, ಸಮಿತಿಯಲ್ಲಿ ಕೂತು ತನ್ನದೇ ದೂರು ಕೇಳುವುದು ಸರಿಯಲ್ಲವಾದ್ದರಿಂದ ತನ್ನ ಜಾಗಕ್ಕೆ ಬೇರೆಯವರನ್ನು ಕೂರಿಸಿ ಎಂದು ಎದ್ದು ಕೆಳಗಿಳಿದಳು. ಅಂಥದ್ದೊಂದು ನಿಯಮವನ್ನು ನಾನು ಬರೆದಿರಲಿಲ್ಲ. ಅಲ್ಲೇ ಕೂತು ಬರೆದುಕೊಂಡೆ; ಇಪ್ಪತ್ಮೂರನೆಯದು. ಆ ವಿಚಾರಣೆಗೆ ಇಟ್ಟಿಗೆ ಯಜಮಾನನೂ ಒಂದು ವಾರದ ಸಮಯ ಕೇಳಿದ. ಕೊಟ್ಟರು. ಮುಂದಿನ ವಾರ ಅವನು ಬಂದ, ಎಲ್ಲರ ಎದುರಿಗೆ ತಪ್ಪಾಯಿತು ಎಂದ, ಬೇಸಿಗೆ ಮುಗಿಯುವ ತನಕ ಇಟ್ಟಿಗೆಗೆ ಟ್ಯಾಂಕರಿನಲ್ಲಿ ನೀರು ತರಿಸಿಕೊಂಡ. ಮುಖ ಊದಿಸಿಕೊಂಡೇ ಇದ್ದಾನೆ. ಇರಲಿ, ಮುಖ ಊದಿಸಿಕೊಳ್ಳಬಾರದು ಎಂದು ನಾವೇನೂ ನಿಯಮ ಮಾಡಿಲ್ಲ.

ಮಳೆ ಹಿಡಿದ ಮೇಲೆ ನನ್ನ ತವರಿನಲ್ಲಿ ಕೆರೆಯ ತೂಬಿನ ವಿಷಯಕ್ಕೆ ಊರ ಯಜಮಾನರು ಸೇರುತ್ತಾರೆಂದು ತಿಳಿಯಿತು. ಆ ಕೆರೆಯ ಕೆಳಗೆ ನನ್ನ ಪಾಲಿನ ಮುಕ್ಕಾಲು ಎಕರೆ ಇದೆ. ಬಸ್ಸು ಹತ್ತಿದೆ. ಅರಳಿಕಟ್ಟೆಯ ಮೇಲೆ ಗಂಡಸರು ಕೂತಿದ್ದರು, ಅಣ್ಣನೂ ಇದ್ದ. ಹೋಗಿ ಅವರ ಸಾಲಿನಲ್ಲೇ ಕೂತೆ.

ಹಿರಿಯ ಯಜಮಾನರೊಬ್ಬರು ಕೆಮ್ಮಿದರು. "ಏನವ್ವ, ದಾರಿ ತಪ್ಪಿ ಬಂದ್ಯಾ? ಒಳಿಕ್ಕೆ ಓಗು, ಹೆಂಗಸ್ರು ಅಲ್ಲವ್ರೆ."

"ನನ್ನ ಹೊಲದ ನೀರಿನ ಮಾತು ಇಲ್ಲಿ ನಡೀತಾ ಅದಲ್ಲ, ಇಲ್ಲೇ ಕೂರ್ತೀನಿ. ಹೆಂಗಸ್ರು ಕೂರಬಾರದು ಅಂತ ಎಲ್ಲಿ ಬರ್ದದೆ, ತೋರ್ಸಿ, ಎದ್ದೋಗ್ತೀನಿ."

ಅಣ್ಣ ನೆಲ ನೋಡುತ್ತಿದ್ದ. ಯಾರೂ ಏನೂ ತೋರಿಸಲಿಲ್ಲ. ಸಭೆ ಮುಂದಿನ ಸೋಮವಾರಕ್ಕೆ ಎಂದು ಹೇಳಿ ಒಬ್ಬೊಬ್ಬರೇ ಎದ್ದು ಹೋದರು. ನಾನು ಸೋಮವಾರವೂ ಹೋದೆ. ಈ ಸಲ ಒಬ್ಬಳೇ ಅಲ್ಲ. ಕೆರೆಯ ಕೆಳಗೆ ಜಮೀನಿದ್ದ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಹೋಗಿದ್ದೆ. ಆವತ್ತೂ ಸಭೆ ನಡೆಯಲಿಲ್ಲ. ತೂಬು ಇನ್ನೂ ರಿಪೇರಿಯಾಗಿಲ್ಲ, ಅದಕ್ಕೆ ನಾನೇ ಕಾರಣವೆಂದು ಊರಲ್ಲಿ ಬೈಯುತ್ತಾರಂತೆ. ಈ ಸೋಮವಾರ ಮತ್ತೆ ಸಭೆ ಕರೆದಿದ್ದಾರೆ. ಮೂವರೂ ಹೋಗುತ್ತೇವೆ.